ಒಗೆಯಬಾರದ ದಿನ

ಗ್ರಿಮ್ಸ್‌ಬಿಯ ಹಾಸ್ಪಿಸ್‌ನಲ್ಲಿ
ಮಂಗಳವಾರ ಮೂರು ಗಂಟೆಗೆ ಕಥೆಯ ಹೊತ್ತು.
ಆರು ಕುರ್ಚಿ, ಒಂದು ಟೀಪಾಟ್,
ಅದಕ್ಕೆ ಯಾರೋ ಹೆಣೆದು ತೊಡಿಸಿದ ಉಣ್ಣೆಯ ಕುಲಾವಿ.
ನನ್ನ ಕೆಲಸ ದೊಡ್ಡದೇನಲ್ಲ:
ಬಿಸ್ಕತ್ತಿನ ಡಬ್ಬಿ ತೆರೆಯುವುದು, ಕಿವಿ ತೆರೆದಿಡುವುದು,
ಕೇಳಿದ್ದನ್ನು ನೀಲಿ ರಟ್ಟಿನ ಪುಸ್ತಕದಲ್ಲಿ ಬರೆದಿಡುವುದು
ಕನ್ನಡದಲ್ಲಿ.
ಯಾರೂ ಕದ್ದು ಓದಲಾರರೆಂದು
ಅವರಿಗೂ ಒಂದು ಸಮಾಧಾನ.

ಬರುವವರಲ್ಲಿ ಕೆಲವರು ಕಳಕೊಂಡಾಗಿದೆ,
ಕೆಲವರದು ಇನ್ನೂ ನಡೆದಿದೆ.
ಹೆಂಡತಿ ಕಣ್ಣುಮುಚ್ಚಿದ ಕಟ್ಟಡಕ್ಕೇ
ಬಸ್ಸು ಹಿಡಿದು ಬರುತ್ತಾನೆ ವಿಲ್ಫ್,
ಮೂವತ್ತು ವರ್ಷ ಟ್ರಾಲರಿನಲ್ಲಿ ಬಲೆ ಎಳೆದವನು.
ಎಡಗೈಗೆ ಮೂರೇ ಬೆರಳು.
"ಉಳಿದೆರಡು ಐಸ್‌ಲ್ಯಾಂಡಿನ ಹತ್ತಿರ ಈಜುತ್ತಿವೆ."
ಪ್ರತಿ ವಾರ ಹೇಳುತ್ತಾನೆ.
ಪ್ರತಿ ವಾರ ನಗುತ್ತೇವೆ.

ಮೂರನೆಯ ವಾರ ಅವನೇ ಹೇಳಿದ್ದು:
ಹಡಗು ಹೊರಡುವ ದಿನ ನೋರಾ ಬಟ್ಟೆ ಒಗೆಯುತ್ತಿರಲಿಲ್ಲ.
ಈ ಊರಿನ ಯಾವ ಹೆಂಗಸೂ ಒಗೆಯುತ್ತಿರಲಿಲ್ಲ.
ಒಗೆದರೆ ಗಂಡಸು ನೀರುಪಾಲು.
ಕರವಸ್ತ್ರವನ್ನೂ ನೆನೆಸುತ್ತಿರಲಿಲ್ಲ, ಅಷ್ಟು ಭಯ ಅವಳಿಗೆ.

ನಮ್ಮಲ್ಲೂ ಇದೆ, ಎಂದೆ.
ಹೊರಟವರ ಬೆನ್ನಿಗೇ ಕಸ ಗುಡಿಸಬಾರದು,
'ಹೋಗ್ತೇನೆ' ಅನ್ನಬಾರದು, 'ಹೋಗಿ ಬರ್ತೇನೆ' ಅನ್ನಬೇಕು.
ಇದಿಷ್ಟನ್ನು ಇಂಗ್ಲಿಷಿಗೆ ದಾಟಿಸುವಷ್ಟರಲ್ಲಿ
ಟೀ ಆರಿತ್ತು.

ಎನಿಡ್ ಆ ದಿನವೂ ಹೆಣೆಯುತ್ತಿದ್ದಳು, ಮಾತಿಲ್ಲದೆ.
ಅವಳ ಗಂಡ ಲೆನ್ ನಾಲ್ಕನೆಯ ಕೋಣೆಯಲ್ಲಿ.
ಹತ್ತು ವಾರ ಬರೀ ಕಡ್ಡಿಗಳ ಟಿಕಟಿಕ.
ಇವತ್ತು ಕಡ್ಡಿ ಕೆಳಗಿಟ್ಟಳು.

"ನಾನು ಒಗೆದೆ."

ಲೆನ್‌ಗಿಂತ ಮೊದಲು ಒಬ್ಬನಿದ್ದ. ರಾಯ್.
ಮದುವೆಯಾಗಿ ಎಂಟು ತಿಂಗಳು.
ಹೊರಟ ದಿನದ ಊಟದಲ್ಲಿ ಅಂಗಿಗೆ ಗ್ರೇವಿ ಚೆಲ್ಲಿಕೊಂಡಿದ್ದ.
ಕಲೆ ಕಚ್ಚಿಬಿಟ್ಟೀತೆಂದು
ನಲ್ಲಿ ತಿರುಗಿಸಿದೆ, ಅಷ್ಟೇ.
ಹದಿನೆಂಟನೆಯ ದಿನ ಬೀದಿಗೆ ಪಾದ್ರಿ ಬಂದ.
ಪರದೆಯ ಹಿಂದೆ ನಿಂತು ಪ್ರತಿಯೊಬ್ಬಳೂ ಬೇಡಿಕೊಂಡಳು,
ಪಕ್ಕದ ಮನೆಗಿರಲಿ, ಪಕ್ಕದ ಮನೆಗೆ.
ನಾನೂ ಬೇಡಿಕೊಂಡೆ.
ತಟ್ಟಿದ್ದು ನಮ್ಮ ಬಾಗಿಲು.
"ಐವತ್ತೇಳು ವರ್ಷವಾಯಿತು. ಲೆನ್‌ಗೂ ಹೇಳಿಲ್ಲ."

ತರಬೇತಿಯಲ್ಲಿ ಕಲಿತ ಮಾತೆಲ್ಲ
ನನ್ನ ಬಾಯಲ್ಲಿ ಒಣ ಬಿಸ್ಕತ್ತಾಯಿತು.

ವಿಲ್ಫ್ ಗಂಟಲು ಸರಿಮಾಡಿಕೊಂಡ.
"ನೋರಾ ಒಗೆಯುತ್ತಿದ್ದಳು.
ಪ್ರತಿ ಸಲ. ಹಡಗು ಬಂದರು ದಾಟುವ ಮುಂಚೆಯೇ
ನನ್ನ ಒಳಚಡ್ಡಿಗಳು ತಂತಿಯ ಮೇಲೆ, ಊರಿಗೆಲ್ಲ ಕಾಣುವಂತೆ.
ಯಾರ ಮಾತೂ ಕೇಳುವವಳಲ್ಲ.
ಮೂವತ್ತು ವರ್ಷ ಒಗೆದಳು.
ನೋಡು, ಕೂತಿದ್ದೇನೆ,
ಎರಡು ಬೆರಳು ಕಮ್ಮಿ."

ಮೂರನೆಯ ವಾರ ಇದ್ದವರೆಲ್ಲ ಇಲ್ಲೇ ಇದ್ದರು.
ಒಬ್ಬರೂ ಕೆಮ್ಮಲಿಲ್ಲ.
"ಹೌದು ಮತ್ತೆ," ಎಂದಳು ಮುರಿಯೆಲ್,
"ನಮ್ಮ ಹಿತ್ತಲಿನಿಂದಲೇ ಕಾಣುತ್ತಿತ್ತು."
ಮುರಿಯೆಲ್ ಆಗ ಇದ್ದದ್ದು ಲೌತ್‌ನಲ್ಲಿ,
ಹದಿನಾರು ಮೈಲಿ ಆಚೆ.

ನಾನು ಪುಟ ಹಿಂದಕ್ಕೆ ತಿರುವಲಿಲ್ಲ.
ತಾರೀಕು ಹಾಕಿ ಬರೆದೆ:
ನೋರಾ ಒಗೆಯುತ್ತಿದ್ದಳು.

ಎನಿಡ್ ನಂಬಿದಳೋ ಇಲ್ಲವೋ.
ಹೆಣಿಗೆ ಎತ್ತಿಕೊಂಡಳು, ಎಣಿಸಿದಳು,
ಎಲ್ಲೋ ತಪ್ಪಿತ್ತು,
ಒಂದು ಸಾಲು ಬಿಚ್ಚಿದಳು.

ಇಂದು ರಾತ್ರಿ, ಇಲ್ಲವೇ ನಾಳೆ ಎಂದಿದ್ದರು
ಬೆಳಿಗ್ಗೆ ಡಾಕ್ಟರು, ಲೆನ್‌ನನ್ನು ನೋಡಿ.
ಸಂಜೆ ಟ್ರೇ ಹಿಡಿದು ಹೋಗುವಾಗ
ನಾಲ್ಕನೆಯ ಕೋಣೆಯಲ್ಲಿ ನೀರಿನ ಸದ್ದು.
ತೋಳು ಮಡಚಿಕೊಂಡು ಬೇಸಿನ್ನಿನ ಮುಂದೆ ಎನಿಡ್,
ಕೈಯಲ್ಲಿ ಅವನ ಪಟ್ಟೆ ಪಟ್ಟೆಯ ಪೈಜಾಮದ ಅಂಗಿ.
ಲಾಂಡ್ರಿಯವರಿದ್ದಾರೆ ಎನ್ನಲು ಬಾಯಿ ತೆರೆದೆ.
"ಹಿಂಡಲು ಒಂದು ಕೈ ಕೊಡು" ಎಂದಳು.

ಒಂದು ತುದಿ ಅವಳು, ಒಂದು ತುದಿ ನಾನು,
ಅವಳು ಎಡಕ್ಕೆ, ನಾನು ಬಲಕ್ಕೆ.
ಹಾಸಿಗೆಯಲ್ಲಿ ಲೆನ್‌ನ ಉಸಿರು
ನಿಂತು, ಯೋಚಿಸಿ, ಮತ್ತೆ ಹೊರಡುತ್ತಿತ್ತು.

ರೇಡಿಯೇಟರಿನ ಮೇಲೆ ಹರವಿದ ಅಂಗಿ
ನೆಲಕ್ಕೆ ತೊಟ್ಟಿಕ್ಕುತ್ತಿತ್ತು.
ಒರೆಸಲು ಬಗ್ಗಿದೆ.
ಇರಲಿ ಬಿಡು, ಎಂದಳು.